ಗಣಿಯಲ್ಲಿ ಗಳಿಸಿದ್ದನ್ನು ರಸಾಯನ ವಿಜ್ಞಾನಕ್ಕೆ ಬರೆದಿಟ್ಟ ನಾಗ್ಪುರದ ದಾನಿ ಲಕ್ಷ್ಮೀನಾರಾಯಣ

ನಾಗ್ಪುರ: ಪ್ಲಾಸ್ಟಿಕ್‌ನಲ್ಲೂ ವಿದ್ಯುತ್ ಹರಿಯಬಹುದು ಎಂದು ಯಾರೂ ಯೋಚಿಸಿರದ ಕಾಲವದು. ನಾಗ್ಪುರದ ಪಕ್ಕದ ಕಾಮ್ಟಿ ಪಟ್ಟಣದ ಗಣಿ ಉದ್ಯಮಿಯೊಬ್ಬರು ತಮ್ಮ ಆಸ್ತಿಯನ್ನು ರಸಾಯನ ವಿಜ್ಞಾನದ ಕಲಿಕೆಗೆ ಬರೆದಿಟ್ಟರು. ಅವರೇ ಡಿ. ಲಕ್ಷ್ಮೀನಾರಾಯಣ.

ನಾಗ್ಪುರ, ಭಂಡಾರ, ಬಾಲಾಘಾಟ್ ಸುತ್ತಲಿನ ನೆಲ ಮ್ಯಾಂಗನೀಸ್ ಅದಿರಿಗೆ ಹೆಸರುವಾಸಿ. ಬ್ರಿಟಿಷರ ಆಳ್ವಿಕೆಯಲ್ಲಿ ಇಲ್ಲಿ ಅಗೆದ ಅದಿರು ರೈಲು, ಹಡಗು ಏರಿ ವಿದೇಶದ ಉಕ್ಕಿನ ಕಾರ್ಖಾನೆಗಳಿಗೆ ಹೋಗುತ್ತಿತ್ತು. ಕಚ್ಚಾ ವಸ್ತು ನಮ್ಮದು, ಅದನ್ನು ಬಳಸುವ ತಂತ್ರಜ್ಞಾನ ಹೊರಗಿನವರದು.

ಉಯಿಲು ಬರೆದ 12 ವರ್ಷಗಳ ಬಳಿಕ

1923ರಲ್ಲಿ ನಾಗ್ಪುರ ವಿಶ್ವವಿದ್ಯಾಲಯ ಆರಂಭವಾಯಿತು. 1930ರ ಮೇ ತಿಂಗಳಲ್ಲಿ ಲಕ್ಷ್ಮೀನಾರಾಯಣ ಅವರು ಬರೆದ ಉಯಿಲಿನಿಂದ ಅದಕ್ಕೆ ಸುಮಾರು 35 ಲಕ್ಷ ರೂಪಾಯಿ ಸಿಕ್ಕಿತು. ಅನ್ವಯಿಕ ವಿಜ್ಞಾನ ಮತ್ತು ರಸಾಯನ ವಿಜ್ಞಾನದ ಬೋಧನೆಗೆ ಈ ಹಣ ಬಳಕೆಯಾಗಬೇಕು ಎಂಬುದು ಅವರ ಆಶಯ.

ಆ ಹಣದಿಂದ ಲಕ್ಷ್ಮೀನಾರಾಯಣ ತಂತ್ರಜ್ಞಾನ ಸಂಸ್ಥೆ ತಲೆಯೆತ್ತಿದ್ದು 1942ರಲ್ಲಿ. ಅದನ್ನು ನೋಡಲು ದಾನಿ ಇರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕನಸು ಕಂಡ ಜೆಮ್‌ಷೆಡ್‌ಜಿ ಟಾಟಾ ಕೂಡ 1904ರಲ್ಲೇ ತೀರಿಕೊಂಡಿದ್ದರು. ಸಂಸ್ಥೆ ಸ್ಥಾಪನೆಯಾಗಿದ್ದು 1909ರಲ್ಲಿ.

ಇಡ್ಲಿಯಂಥ ಪ್ಲಾಸ್ಟಿಕ್!

ಎಣ್ಣೆ, ಬಣ್ಣ, ಆಹಾರ ತಂತ್ರಜ್ಞಾನದ ಜತೆಗೆ ಪ್ಲಾಸ್ಟಿಕ್ ಮತ್ತು ಪಾಲಿಮರ್ ಕೂಡ ಇಲ್ಲಿ ಕಲಿಕೆಯ ವಿಷಯವಾಯಿತು. 1977ರಲ್ಲಿ ಹೀಗರ್, ಮ್ಯಾಕ್‌ಡಿಯಾರ್ಮಿಡ್, ಶಿರಾಕಾವಾ ಅವರು ಪಾಲಿಮರ್ ಲೋಹದಂತೆ ವಿದ್ಯುತ್ ಹರಿಸಬಲ್ಲದು ಎಂದು ತೋರಿಸಿದರು. 2000ದಲ್ಲಿ ಮೂವರಿಗೂ ನೊಬೆಲ್ ಬಂತು. ವಾಹಕ ಪಾಲಿಮರ್‌ಗಳ ಸಂಶೋಧನೆ ನಾಗ್ಪುರದ ಪ್ರಯೋಗಾಲಯಗಳಲ್ಲೂ ನಡೆದಿದೆ.

ಈಗ ಪಾಲಿಮರ್‌ಗೆ ಅತಿಸೂಕ್ಷ್ಮ ಇಂಗಾಲದ ಕಣಗಳನ್ನು ಬೆರೆಸಿ, ಒಳಗೆ ರಂಧ್ರಗಳಿರುವಂತೆ ಮಾಡಲಾಗುತ್ತದೆ. ಇದಕ್ಕೊಂದು ಸರಳ ವಿಧಾನವಿದೆ: ಉಪ್ಪಿನ ಹರಳು ಬೆರೆಸಿ ಅಚ್ಚು ಹಾಕಿ, ಬಳಿಕ ನೀರಿನಲ್ಲಿ ಉಪ್ಪು ಕರಗಿಸಿದರೆ ಇಡ್ಲಿಯಂತೆ ತೂತುಗಳು ಉಳಿಯುತ್ತವೆ. ರಂಧ್ರ ಹೆಚ್ಚಿದಷ್ಟೂ ಒಳಗಿನ ಮೇಲ್ಮೈ ವಿಸ್ತಾರವಾಗುತ್ತದೆ. ವಿದ್ಯುತ್ ಸಂಗ್ರಹಿಸುವ ಸೂಪರ್‌ಕೆಪಾಸಿಟರ್‌ಗೆ, ಅನಿಲ ಪತ್ತೆ ಮಾಡುವ ಸೆನ್ಸರ್‌ಗೆ ಬೇಕಿರುವುದು ಇದೇ ಗುಣ.

ಇಂಥ ಸೂಪರ್‌ಕೆಪಾಸಿಟರ್‌ಗಳಲ್ಲಿ ವಾಹಕ ಪಾಲಿಮರ್ ಜತೆ ಬೆರೆಸುವ ವಸ್ತುಗಳಲ್ಲಿ ಮ್ಯಾಂಗನೀಸ್ ಡೈಆಕ್ಸೈಡ್ ಕೂಡ ಒಂದು. ಒಂದು ಕಾಲಕ್ಕೆ ಕಚ್ಚಾ ಅದಿರಾಗಿ ಹಡಗು ಏರುತ್ತಿದ್ದ ಅದೇ ಮ್ಯಾಂಗನೀಸ್!

ಲಕ್ಷ್ಮೀನಾರಾಯಣ ಅವರ ಹೆಸರಿನ ಸಂಸ್ಥೆ 2023ರಲ್ಲಿ ವಿಶ್ವವಿದ್ಯಾಲಯವಾಗಿದೆ. ಅದಿರು ಒಮ್ಮೆ ಅಗೆದರೆ ಮುಗಿಯಿತು. ಅವರು ವಿದ್ಯೆಗೆ ಹಾಕಿದ ಹಣ ಮಾತ್ರ ಇನ್ನೂ ಫಲ ಕೊಡುತ್ತಲೇ ಇದೆ.