ಸ್ಟಾನ್ಸ್‌ನ ಅನಾಥ ಮಕ್ಕಳಿಗೆ ತಂದೆಯಾದ ಪೆಸ್ಟಾಲಜಿ

ಶಿಕ್ಷಕ ತರಬೇತಿ ಪಡೆದವರಿಗೆ ಸ್ವಿಟ್ಜರ್ಲೆಂಡಿನ ಯೋಹಾನ್ ಹೈನ್ರಿಖ್ ಪೆಸ್ಟಾಲಜಿಯವರ ಹೆಸರು ಪರಿಚಿತವಾದುದು. ತಲೆ, ಹೃದಯ, ಕೈ ಈ ಮೂರಕ್ಕೂ ಸಮನಾದ ಶಿಕ್ಷಣ ದೊರೆಯಬೇಕೆಂದು ಸಾರಿದ ಮಹನೀಯರು ಅವರು. ಈ ತತ್ತ್ವವನ್ನು ಅವರು ಯುದ್ಧದಲ್ಲಿ ಹೆತ್ತವರನ್ನು ಕಳೆದುಕೊಂಡ ಮಕ್ಕಳ ನಡುವೆ ಬಾಳಿ ಒರೆಗೆ ಹಚ್ಚಿ ನೋಡಿದರೆಂಬುದು ಮಾತ್ರ ಹೆಚ್ಚಿನವರಿಗೆ ತಿಳಿಯದು.

ಪೆಸ್ಟಾಲಜಿಯವರು 1746ರ ಜನವರಿ 12ರಂದು ಜ್ಯೂರಿಕ್ ನಗರದಲ್ಲಿ ಜನಿಸಿದರು. ಐದನೆಯ ವಯಸ್ಸಿನಲ್ಲಿಯೇ ತಂದೆ ತೀರಿಕೊಂಡರು. ತಾಯಿ ಮತ್ತು ಮನೆಯ ನಿಷ್ಠಾವಂತ ಸೇವಕಿ ಅವರನ್ನು ಸಲಹಿದರು. ಹಳ್ಳಿಯಲ್ಲಿ ಪಾದ್ರಿಯಾಗಿದ್ದ ಅಜ್ಜನೊಡನೆ ಬಡವರ ಮನೆಗಳಿಗೆ ಹೋಗಿಬರುತ್ತಿದ್ದ ಬಾಲಕನ ಮನಸ್ಸಿನಲ್ಲಿ ಬಡತನದ ಚಿತ್ರ ಆಳವಾಗಿ ನೆಲೆಯೂರಿತು. ಮುಂದೆ ಪತ್ನಿ ಅನ್ನಾ ಅವರೊಡನೆ ಬಿರ್ ಗ್ರಾಮದ ಬಳಿ ಬೇಸಾಯಕ್ಕೆ ತೊಡಗಿದರು, ನಷ್ಟವಾಯಿತು. ಅದೇ ಹೊಲಮನೆಯಲ್ಲಿ ಬಡ ಮಕ್ಕಳನ್ನು ಕೂಡಿಸಿ ದುಡಿಮೆಯೊಂದಿಗೆ ಅಕ್ಷರ ಕಲಿಸಿದರು. ಸಾಲದ ಹೊರೆಯಿಂದ 1780ರಲ್ಲಿ ಅದೂ ಮುಚ್ಚಿತು. ಜನರು ಅವರನ್ನು ಸೋತವನೆಂದು ನಕ್ಕರು. ಆ ಬಳಿಕ ಬರೆದ ಕಾದಂಬರಿಯೊಂದು ಕೀರ್ತಿ ತಂದಿತಾದರೂ, ಮಕ್ಕಳಿಲ್ಲದ ಕೀರ್ತಿ ಅವರ ಮನಸ್ಸನ್ನು ತುಂಬಲಿಲ್ಲ.

1798ರಲ್ಲಿ ಫ್ರಾನ್ಸಿನ ಸೈನ್ಯ ಸ್ವಿಟ್ಜರ್ಲೆಂಡನ್ನು ಆಕ್ರಮಿಸಿತು. ಹೊಸ ಆಡಳಿತವನ್ನು ಒಪ್ಪದೆ ಎದುರು ನಿಂತ ನಿಡ್ವಾಲ್ಡೆನ್ ಪ್ರಾಂತದ ಮೇಲೆ ಸೆಪ್ಟೆಂಬರ್ 9ರಂದು ದಾಳಿ ನಡೆಯಿತು. ಒಂದೇ ದಿನದಲ್ಲಿ ನೂರಾರು ಜನರು ಮಡಿದರು. ಅವರಲ್ಲಿ ಸ್ತ್ರೀಯರೂ ಮಕ್ಕಳೂ ಇದ್ದರು. ನೂರಾರು ಮನೆಗಳು ಸುಟ್ಟುಹೋದವು. ಪ್ರಾಂತದ ಮುಖ್ಯ ಪಟ್ಟಣವಾದ ಸ್ಟಾನ್ಸ್ ಮತ್ತು ಸುತ್ತಣ ಹಳ್ಳಿಗಳಲ್ಲಿ ಅನಾಥ ಮಕ್ಕಳು ಭಿಕ್ಷೆ ಬೇಡುತ್ತ ಅಲೆಯತೊಡಗಿದರು. ಅವರಿಗಾಗಿ ಒಂದು ಆಶ್ರಯವನ್ನು ನಡೆಸುವ ಹೊಣೆಯನ್ನು ಸರ್ಕಾರವು ಪೆಸ್ಟಾಲಜಿಯವರಿಗೆ ವಹಿಸಿತು. ಐವತ್ತೆರಡರ ಹರೆಯದ ಅವರು ಹಿಂದುಮುಂದು ನೋಡದೆ ಹೊರಟರು.

ಸನ್ಯಾಸಿನಿಯರ ಮಠವೊಂದರ ಭಾಗವನ್ನು ಆಶ್ರಯಕ್ಕಾಗಿ ಕೊಡಲಾಗಿತ್ತು. ದುರಸ್ತಿ ಇನ್ನೂ ಮುಗಿದಿರಲಿಲ್ಲ. 1799ರ ಜನವರಿಯ ಕೊರೆಯುವ ಚಳಿಯಲ್ಲಿ ಮಕ್ಕಳು ಬಂದರು. ಕೆಲವೇ ವಾರಗಳಲ್ಲಿ ಅವರ ಸಂಖ್ಯೆ ಎಂಬತ್ತರ ಸಮೀಪಕ್ಕೇರಿತು. ಹಲವರ ಮೈತುಂಬ ಕಜ್ಜಿ, ತಲೆತುಂಬ ಹೇನು. ಕೆಲವರು ನಡೆಯಲಾಗದಷ್ಟು ಸೊರಗಿದ್ದರು. ಅಕ್ಷರ ಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಭಯ ಮತ್ತು ಅಪನಂಬಿಕೆಯಿಂದ ಅವರ ಕಣ್ಣುಗಳು ಮಂಕಾಗಿದ್ದವು.

ಮನೆಗೆಲಸಕ್ಕೆ ಒಬ್ಬ ಹೆಣ್ಣುಮಗಳನ್ನು ಬಿಟ್ಟರೆ ಪೆಸ್ಟಾಲಜಿಯವರಿಗೆ ಬೇರೆ ನೆರವಿರಲಿಲ್ಲ. ಮಕ್ಕಳ ಹುಣ್ಣುಗಳನ್ನು ತಾವೇ ತೊಳೆದರು. ಮಕ್ಕಳು ಉಂಡದ್ದನ್ನೇ ಉಂಡು ಅವರ ನಡುವೆಯೇ ಮಲಗಿದರು. ರಾತ್ರಿ ಕಡೆಯಲ್ಲಿ ಮಲಗುವವರೂ ಬೆಳಗ್ಗೆ ಮೊದಲು ಏಳುವವರೂ ಅವರೇ ಆಗಿದ್ದರು. ಪುಸ್ತಕಗಳ ಕೊರತೆಯಿದ್ದುದರಿಂದ ಮಕ್ಕಳೆಲ್ಲರೂ ಒಟ್ಟಾಗಿ ದನಿಗೂಡಿಸಿ ಕಲಿಯುವ ಪದ್ಧತಿಯನ್ನು ಬೆಳೆಸಿದರು. ಮೊದಲು ಕಲಿತ ಮಗು ಇನ್ನೊಂದಕ್ಕೆ ಕಲಿಸಿತು. ಕೈಗೆಲಸ, ಪಾಠ ಎರಡೂ ಜೊತೆಯಾಗಿ ಸಾಗಿದವು.

ಕಷ್ಟಗಳೂ ಕಡಿಮೆಯಿರಲಿಲ್ಲ. ಕ್ಯಾಥೊಲಿಕ್ ನಾಡಿಗೆ ಬಂದ ಪ್ರಾಟೆಸ್ಟೆಂಟ್ ಎಂದೂ, ಊರನ್ನು ಸುಟ್ಟ ಆಡಳಿತದ ಪರವಾದವರೆಂದೂ ಜನರು ಅವರನ್ನು ಶಂಕಿಸಿದರು. ತಂದೆಯೋ ತಾಯಿಯೋ ಉಳಿದಿದ್ದ ಕೆಲವು ಮಕ್ಕಳನ್ನು, ಹೊಸ ಬಟ್ಟೆ ದೊರೆತೊಡನೆ ಮನೆಯವರು ಕರೆದೊಯ್ದರು. ತಾವು ಕೆಲವೊಮ್ಮೆ ಮಕ್ಕಳಿಗೆ ಏಟು ಕೊಟ್ಟದ್ದನ್ನು ಪೆಸ್ಟಾಲಜಿಯವರು ತಮ್ಮ ಬರಹದಲ್ಲಿ ಮುಚ್ಚಿಡಲಿಲ್ಲ.

ಆ ವರ್ಷದ ಏಪ್ರಿಲ್‌ನಲ್ಲಿ ನೆರೆಯ ಆಲ್ಟ್‌ಡಾರ್ಫ್ ಪಟ್ಟಣ ಬೆಂಕಿಗೆ ಆಹುತಿಯಾಯಿತು. ಪೆಸ್ಟಾಲಜಿಯವರು ಮಕ್ಕಳನ್ನು ಸುತ್ತ ಕೂಡಿಸಿಕೊಂಡು, ಅಲ್ಲಿ ಮನೆ ಕಳೆದುಕೊಂಡ ಇಪ್ಪತ್ತು ಮಕ್ಕಳನ್ನು ಕರೆತರೋಣವೇ ಎಂದು ಕೇಳಿದರು. ಮಕ್ಕಳು ಹರ್ಷದಿಂದ ಒಪ್ಪಿದರು. ಹಾಗೆ ಮಾಡಿದರೆ ಇರುವ ಅನ್ನವನ್ನೂ ಬಟ್ಟೆಯನ್ನೂ ಹಂಚಿಕೊಳ್ಳಬೇಕಾದೀತು, ಕೆಲಸವೂ ಹೆಚ್ಚೀತು ಎಂದು ಅವರು ಬಿಡಿಸಿ ಹೇಳಿದರು. ಆದರೂ ಮಕ್ಕಳ ಮನಸ್ಸು ಬದಲಾಗಲಿಲ್ಲ. ಕೆಲವೇ ತಿಂಗಳ ಹಿಂದೆ ಒಂದು ತುತ್ತಿಗಾಗಿ ಬೀದಿ ಅಲೆದವರು ತಮ್ಮ ತುತ್ತನ್ನು ಹಂಚಲು ಸಿದ್ಧರಾದುದೇ ಆ ಶಾಲೆಯ ನಿಜವಾದ ಫಲಿತಾಂಶವಾಗಿತ್ತು.

ಯುದ್ಧ ಮತ್ತೆ ಬಾಗಿಲಿಗೆ ಬಂದಿತು. ಜೂನ್ ತಿಂಗಳಲ್ಲಿ ಫ್ರೆಂಚ್ ಸೈನ್ಯದ ಗಾಯಾಳುಗಳಿಗಾಗಿ ಆ ಕಟ್ಟಡವನ್ನು ಆಸ್ಪತ್ರೆಯಾಗಿ ಮಾರ್ಪಡಿಸಲಾಯಿತು. ಹೆಚ್ಚಿನ ಮಕ್ಕಳನ್ನು ಕಳುಹಿಸಿಕೊಡಬೇಕಾಯಿತು. ಐದು ತಿಂಗಳಲ್ಲಿ ಕಟ್ಟಿದ್ದು ಒಂದೇ ಆಜ್ಞೆಯಿಂದ ಕುಸಿಯಿತು. ದೇಹವೂ ಮನಸ್ಸೂ ಬಳಲಿದ ಪೆಸ್ಟಾಲಜಿಯವರು ವಿಶ್ರಾಂತಿಗಾಗಿ ಬೆಟ್ಟದ ಊರೊಂದಕ್ಕೆ ತೆರಳಿದರು.

ಆದರೆ ಸ್ಟಾನ್ಸ್‌ನಲ್ಲಿ ಕಂಡುಕೊಂಡದ್ದನ್ನು ಅವರು ಬಿಡಲಿಲ್ಲ. ಅದೇ ವರ್ಷ ಬುರ್ಗ್‌ಡಾರ್ಫ್‌ನಲ್ಲಿ ಮತ್ತೆ ಪಾಠ ಹೇಳತೊಡಗಿದರು. ಮುಂದೆ ಇವರ್ಡನ್ ಪಟ್ಟಣದಲ್ಲಿ ಅವರು ನಡೆಸಿದ ಸಂಸ್ಥೆ ಯೂರೋಪಿನ ಶಿಕ್ಷಕರಿಗೆ ಯಾತ್ರಾಸ್ಥಳವಾಯಿತು. ಕಿಂಡರ್‌ಗಾರ್ಟನ್ ಪದ್ಧತಿಯ ಜನಕ ಫ್ರೋಬೆಲ್ ಅವರೂ ಅಲ್ಲಿ ಕಲಿತರು. 1827ರ ಫೆಬ್ರವರಿ 17ರಂದು ಪೆಸ್ಟಾಲಜಿಯವರು ಕಾಲವಾದರು. ಬಿರ್ ಗ್ರಾಮದ ಶಾಲೆಯ ಪಕ್ಕದಲ್ಲಿಯೇ ಅವರ ಸಮಾಧಿಯಿದೆ.

ಎರಡನೆಯ ಮಹಾಯುದ್ಧ ಮುಗಿದಾಗ ಯೂರೋಪಿನಲ್ಲಿ ಮತ್ತೆ ಅನಾಥ ಮಕ್ಕಳ ಗೋಳು ತುಂಬಿತ್ತು. ಅವರಿಗಾಗಿ 1946ರಲ್ಲಿ ಸ್ವಿಟ್ಜರ್ಲೆಂಡಿನ ಟ್ರೋಗನ್‌ನಲ್ಲಿ ಕಟ್ಟಿದ ಮಕ್ಕಳ ಗ್ರಾಮಕ್ಕೆ ಪೆಸ್ಟಾಲಜಿಯವರ ಹೆಸರನ್ನೇ ಇಡಲಾಯಿತು. ಇಂದಿಗೂ ಅನೇಕ ದೇಶಗಳಲ್ಲಿ ಶಾಲೆಗಳು ಸೈನಿಕರ ಬಿಡಾರಗಳಾಗುತ್ತಿವೆ, ಮಕ್ಕಳು ಡೇರೆಗಳಲ್ಲಿ ಕುಳಿತು ಅಕ್ಷರ ಕಲಿಯುತ್ತಿದ್ದಾರೆ. ಮನೆ ಕಳೆದುಕೊಂಡ ಮಗುವಿಗೆ ಮೊದಲು ಅನ್ನ ಮತ್ತು ಅಕ್ಕರೆ, ಅವುಗಳ ಬೆನ್ನಲ್ಲಿಯೇ ಅಕ್ಷರ ಎಂಬ ಕ್ರಮವನ್ನು ಆ ಹಿರಿಯ ಜೀವ ಬದುಕಿ ತೋರಿಸಿತು. ಅನಾಥ ಮಗುವೊಂದು ನಮ್ಮ ಬಾಗಿಲಲ್ಲಿ ನಿಂತಾಗ, ಸ್ಟಾನ್ಸ್‌ನ ಮಕ್ಕಳು ಕೊಟ್ಟ ಉತ್ತರ ನಮ್ಮ ನೆನಪಿಗೆ ಬರಲಿ.