ಖಾಲಿ ಮನೆ ಬಿಟ್ಟ ಮೇಷ್ಟ್ರು

ಹೋದ ರಜೆಯಲ್ಲಿ ಹಾನಗಲ್ ತಾಲ್ಲೂಕಿನ ಆಡೂರಿಗೆ ಹೋಗಿದ್ದೆ. ಹೈಸ್ಕೂಲು ಓದೋ ಚಿಕ್ಕಪ್ಪನ ಮಗ ಧಾತುಗಳ ಚಾರ್ಟ್ ತಂದು ಮುಂದೆ ಹಾಸಿದ. ಒಂದೇ ಕಂಬಸಾಲಿನಲ್ಲಿ ಇರೋವನ್ನ ಕುಟುಂಬ ಅಂತ ಯಾಕೆ ಕರೀತಾರೆ ಅನ್ನೋದು ಅವನ ಪ್ರಶ್ನೆ. ಸಿಇಟಿಗೆ ಅಂತ ಹದಿನೆಂಟು ಗುಂಪುಗಳನ್ನೂ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದವನು ನಾನು. ಕನ್ನಡದಲ್ಲಿ ಹೇಳೋಕೆ ಹೊರಟಾಗ ನನಗೂ ಅದು ಅರ್ಥ ಆಗಿರಲಿಲ್ಲ ಅಂತ ಗೊತ್ತಾಯ್ತು. ವಾಪಸ್ ಬಂದು ಓದೋಕೆ ಕೂತೆ. ಕೋಷ್ಟಕಕ್ಕಿಂತ ಹೆಚ್ಚಾಗಿ ಅದನ್ನ ಕಟ್ಟಿದ ಮೇಷ್ಟ್ರ ಜೀವನ ನನ್ನನ್ನ ಹಿಡಿದು ಕೂರಿಸ್ತು.

ದ್ಮಿತ್ರಿ ಮೆಂಡಲೀವ್ ಹುಟ್ಟಿದ್ದು 1834ರಲ್ಲಿ, ಸೈಬೀರಿಯಾದ ತೊಬೋಲ್ಸ್ಕ್ ಎಂಬ ಊರಿನಲ್ಲಿ. ದೊಡ್ಡ ಸಂಸಾರದ ಕೊನೇ ಮಗ. ಅಪ್ಪ ಅಲ್ಲಿನ ಶಾಲೆಯ ಮುಖ್ಯಸ್ಥರು. ಮಗ ಹುಟ್ಟಿದ ವರ್ಷವೇ ಅವರ ಕಣ್ಣು ಹೋಯ್ತು, ಕೆಲಸವೂ ಹೋಯ್ತು. ಅಮ್ಮ ಮರಿಯಾ ತವರಿನವರ ಗಾಜಿನ ಕಾರ್ಖಾನೆ ನಡೆಸಿ ಮಕ್ಕಳನ್ನ ಸಾಕಿದರು. 1847ರಲ್ಲಿ ಅಪ್ಪ ತೀರಿಕೊಂಡರು. ಮರುವರ್ಷ ಕಾರ್ಖಾನೆ ಸುಟ್ಟುಹೋಯ್ತು. ಬೇರೆ ಯಾರಾದ್ರೂ ಆಗಿದ್ರೆ ಕೈಚೆಲ್ಲಿ ಕೂರ್ತಿದ್ರೋ ಏನೋ. ಮರಿಯಾ ಮಾತ್ರ 1849ರಲ್ಲಿ ಮಗನನ್ನ ಕರಕೊಂಡು ಮಾಸ್ಕೋಗೆ ಹೊರಟರು. ಆಗ ಆ ದಾರಿಯಲ್ಲಿ ರೈಲು ಇರಲಿಲ್ಲ. ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಅಷ್ಟು ದೂರ ಹೋದರೂ ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಸೀಟು ಸಿಗಲಿಲ್ಲ. ಅಲ್ಲಿಂದ ಸೇಂಟ್ ಪೀಟರ್ಸ್‌ಬರ್ಗಿಗೆ ಹೋದರು. ಅಪ್ಪ ಓದಿದ್ದ ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ 1850ರಲ್ಲಿ ಹುಡುಗನಿಗೆ ಜಾಗ ಸಿಕ್ಕಿತು. ಅದೇ ವರ್ಷ ಅಮ್ಮ ತೀರಿಕೊಂಡರು. ಮಗ ಏನಾದ ಅಂತ ಅವರು ನೋಡಲೇ ಇಲ್ಲ. 1887ರಲ್ಲಿ ದ್ರಾವಣಗಳ ಬಗ್ಗೆ ಬರೆದ ದೊಡ್ಡ ಪುಸ್ತಕವನ್ನ ಮೆಂಡಲೀವ್ ಅಮ್ಮನಿಗೇ ಅರ್ಪಿಸಿದರು.

1860ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ರಸಾಯನಶಾಸ್ತ್ರಜ್ಞರ ದೊಡ್ಡ ಸಭೆ ನಡೆಯಿತು. ಆಗ ಪರಮಾಣು ತೂಕದ ವಿಷಯದಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. ಇಟಲಿಯ ಕಾನ್ನಿಜ್ಜಾರೊ ಆ ಗೊಂದಲ ಬಿಡಿಸೋ ದಾರಿ ತೋರಿಸಿದರು. ಸಭೆಯಲ್ಲಿದ್ದ ಯುವಕ ಮೆಂಡಲೀವ್ ಅದನ್ನ ಚೆನ್ನಾಗಿ ಮನಸ್ಸಿಗೆ ತಗೊಂಡರು. ನಂಬಬಹುದಾದ ತೂಕ ಇಲ್ಲದಿದ್ದರೆ ಮುಂದಿನ ಕೆಲಸ ಆಗ್ತಾನೇ ಇರಲಿಲ್ಲ.

1867ರಲ್ಲಿ ಅವರು ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು. ವಿದ್ಯಾರ್ಥಿಗಳಿಗೆ ಕೊಡೋಕೆ ರಷ್ಯನ್ ಭಾಷೆಯಲ್ಲಿ ಸರಿಯಾದ ಪಠ್ಯಪುಸ್ತಕ ಇರಲಿಲ್ಲ, ತಾವೇ ಬರೆಯೋಕೆ ಶುರು ಮಾಡಿದರು. ಕನಸಲ್ಲಿ ಕೋಷ್ಟಕ ಕಂಡಿತು ಅನ್ನೋ ಕಥೆ ನೀವೂ ಕೇಳಿರ್ತೀರಿ. ನಿಜವಾಗಿ ಅದು ಹುಟ್ಟಿದ್ದು ಈ ಪಠ್ಯಪುಸ್ತಕದ ತಲೆನೋವಿನಿಂದ. ಆಗ ಗೊತ್ತಿದ್ದ ಧಾತುಗಳು 63. ಯಾವುದರ ನಂತರ ಯಾವುದನ್ನ ಹೇಳೋದು? ಮೊದಲ ಸಂಪುಟ ಹ್ಯಾಲೋಜನ್‌ಗಳಿಗೆ ಮುಗಿದಿತ್ತು, ಎರಡನೆಯದು ಕ್ಷಾರ ಲೋಹಗಳಿಂದ ಶುರುವಾಗಿತ್ತು. ಈ ಎರಡು ಕುಟುಂಬಗಳನ್ನ ಪಕ್ಕಪಕ್ಕ ಇಟ್ಟು ನೋಡಿ. ಕ್ಲೋರಿನ್ 35.5, ಪೊಟ್ಯಾಸಿಯಂ 39. ಬ್ರೋಮಿನ್ 80, ರುಬಿಡಿಯಂ 85. ಅಯೋಡಿನ್ 127, ಸೀಸಿಯಂ 133. ಗುಣದಲ್ಲಿ ಪೂರ್ತಿ ವಿರುದ್ಧ, ಆದರೆ ತೂಕದಲ್ಲಿ ಪ್ರತಿ ಸಲವೂ ಅಕ್ಕಪಕ್ಕದ ಮನೆಯವರು!

ಅಂದ್ರೆ ತೂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ಸ್ವಲ್ಪ ದೂರ ಹೋದ ಮೇಲೆ ಹಳೇ ಗುಣ ಮತ್ತೆ ಬರುತ್ತೆ. ನಮ್ಮ ವರ್ಣಮಾಲೆ ಥರ. ಕ ಖ ಗ ಘ ಙ ಅಂತ ಅಡ್ಡಕ್ಕೆ ಓದಿದರೆ ಒಂದು ವರ್ಗ. ಗ ಜ ಡ ದ ಬ ಅಂತ ಕೆಳಕ್ಕೆ ಓದಿದರೆ ಎಲ್ಲದರಲ್ಲೂ ಒಂದೇ ಬಗೆಯ ನಾದ. ಯಾರಾದ್ರೂ ಡ ಅಕ್ಷರ ಅಳಿಸಿದರೂ ಅಲ್ಲಿ ಎಂಥ ಅಕ್ಷರ ಇರಬೇಕು ಅಂತ ಸುತ್ತಲಿನವು ಹೇಳಿಬಿಡ್ತವೆ.

1869ರಲ್ಲಿ ಮೆಂಡಲೀವ್ ಕೋಷ್ಟಕ ಪ್ರಕಟಿಸಿದರು. ಧಾತುಗಳನ್ನ ಜೋಡಿಸಿದವರು ಇವರೊಬ್ಬರೇ ಅಲ್ಲ, ಇಂಗ್ಲೆಂಡಿನ ನ್ಯೂಲ್ಯಾಂಡ್ಸ್, ಜರ್ಮನಿಯ ಲೋಥರ್ ಮೇಯರ್ ಕೂಡ ಈ ದಾರಿಯಲ್ಲಿದ್ದರು. ಇವರ ಹೆಚ್ಚುಗಾರಿಕೆ ಖಾಲಿ ಮನೆಗಳಲ್ಲಿದೆ. ಸತುವಿನ ನಂತರ ಆಗ ಗೊತ್ತಿದ್ದ ಧಾತು ಆರ್ಸೆನಿಕ್. ಸುಮ್ಮನೆ ತುಂಬಿಸ್ತಾ ಹೋಗಿದ್ರೆ ಅದು ಅಲ್ಯೂಮಿನಿಯಂ ಮನೆತನಕ್ಕೆ ಸೇರಿಬಿಡ್ತಿತ್ತು. ಆದರೆ ಅದರ ನಡತೆಯೆಲ್ಲಾ ರಂಜಕದ್ದು. ಮೆಂಡಲೀವ್ ಅದನ್ನ ರಂಜಕದ ಕುಟುಂಬಕ್ಕೇ ಸೇರಿಸಿ, ನಡುವೆ ಎರಡು ಮನೆ ಖಾಲಿ ಬಿಟ್ಟರು. ಈ ಮನೆಯವರು ಇನ್ನೂ ಸಿಕ್ಕಿಲ್ಲ ಅಂತ ಅದರ ಅರ್ಥ. 1871ರಲ್ಲಿ ಇನ್ನೂ ಮುಂದೆ ಹೋಗಿ ಮೂರು ಖಾಲಿ ಮನೆಗಳಿಗೆ ಹೆಸರು, ತೂಕ, ಸಾಂದ್ರತೆ ಎಲ್ಲಾ ಹೇಳಿಬಿಟ್ಟರು. ಹೆಸರಿಗೆ ಬಳಸಿದ್ದು ಸಂಸ್ಕೃತದ ಏಕ ಅನ್ನೋ ಪದ: ಏಕ-ಅಲ್ಯೂಮಿನಿಯಂ, ಏಕ-ಬೋರಾನ್, ಏಕ-ಸಿಲಿಕಾನ್.

1875ರಲ್ಲಿ ಫ್ರಾನ್ಸಿನ ಲೆಕಾಕ್ ದ ಬ್ವಾಬೊದ್ರಾನ್ ಗ್ಯಾಲಿಯಂ ಕಂಡುಹಿಡಿದರು. ಅವರು ಅಳೆದ ಸಾಂದ್ರತೆ 4.7. ಮೆಂಡಲೀವ್ ಹೇಳಿದ್ದು 5.9. ಆ ಲೋಹವನ್ನ ಕಣ್ಣಿಂದಲೂ ನೋಡದ ಮೆಂಡಲೀವ್, ಅಳತೆ ತಪ್ಪಿದೆ, ಶುದ್ಧ ಮಾಡಿ ಮತ್ತೆ ನೋಡಿ ಅಂತ ತಿಳಿಸಿದರು. ಮತ್ತೆ ಅಳೆದಾಗ ಬಂದದ್ದು 5.9! 1879ರಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ ಸಿಕ್ಕಿ ಉಳಿದೆರಡು ಮನೆಗಳೂ ತುಂಬಿದವು.

ಹಾಗಂತ ಅವರು ಹೇಳಿದ್ದೆಲ್ಲಾ ಸರಿಯಾಗಲಿಲ್ಲ. ಟೆಲ್ಲೂರಿಯಂ ಅಯೋಡಿನ್‌ಗಿಂತ ಭಾರ, ಆದರೂ ಗುಣ ನೋಡಿ ಅದನ್ನ ಮೊದಲು ಇಟ್ಟರು. ಜಾಗ ಸರಿ, ಕೊಟ್ಟ ಕಾರಣ ತಪ್ಪು. ಟೆಲ್ಲೂರಿಯಂ ತೂಕವನ್ನೇ ತಪ್ಪಾಗಿ ಅಳೆದಿದ್ದಾರೆ ಅಂದುಕೊಂಡಿದ್ದರು. ಸಾಲು ನಡೆಯೋದು ತೂಕದಿಂದಲ್ಲ, ಪರಮಾಣು ಸಂಖ್ಯೆಯಿಂದ ಅಂತ ಮೋಸ್ಲೆ ತೋರಿಸಿದ್ದು 1913ರಲ್ಲಿ. ಆರ್ಗಾನ್ ಬಂದಾಗ ಅದು ಹೊಸ ಧಾತು ಅಂತ ಮೊದಮೊದಲು ಮೆಂಡಲೀವ್ ಒಪ್ಪಲೇ ಇಲ್ಲ. ಆಮೇಲೆ ಒಪ್ಪಿ, ಅಂಥ ಅನಿಲಗಳಿಗೆ ಒಂದು ಹೊಸ ಗುಂಪನ್ನೇ ಸೇರಿಸಿಕೊಂಡರು.

1890ರಲ್ಲಿ ವಿದ್ಯಾರ್ಥಿಗಳ ಮನವಿಪತ್ರವನ್ನ ಮಂತ್ರಿಗೆ ತಲುಪಿಸೋಕೆ ಹೋದರು. ಸರ್ಕಾರ ಅದನ್ನ ಸ್ವೀಕರಿಸಲಿಲ್ಲ, ಮೆಂಡಲೀವ್ ಕೆಲಸ ಬಿಟ್ಟರು. 1893ರಿಂದ ತೂಕ ಮತ್ತು ಅಳತೆಗಳ ಕಚೇರಿಯ ಮುಖ್ಯಸ್ಥರಾಗಿದ್ದು 1907ರಲ್ಲಿ ತೀರಿಕೊಂಡರು. ನೊಬೆಲ್ ಬರಲಿಲ್ಲ. 1955ರಲ್ಲಿ ತಯಾರಾದ 101ನೇ ಧಾತುವಿಗೆ ಮೆಂಡಲೀವಿಯಂ ಅಂತ ಹೆಸರಿಟ್ಟರು. ಅವರ ಕೋಷ್ಟಕದಲ್ಲಿ ಅವರಿಗೂ ಒಂದು ಮನೆ ಸಿಕ್ಕಿತು.

ಲ್ಯಾಬ್ ರೆಕಾರ್ಡಿನಲ್ಲಿ ಒಂದು ರೀಡಿಂಗ್ ಬರದಿದ್ರೆ ನಾವೇನು ಮಾಡ್ತೀವಿ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಪಕ್ಕದವನದು ನೋಡಿ ತುಂಬಿಸ್ತೀವಿ. ಇದನ್ನ ಓದಿದ ಮೇಲೆ ಹೋದ ವಾರ ಮೊದಲ ಸಲ ಒಂದು ಮನೆ ಖಾಲಿ ಬಿಟ್ಟೆ. ಒಂದು ಮಾರ್ಕ್ಸ್ ಹೋಯ್ತು. ಆಡೂರಿನ ತಮ್ಮನಿಗೆ ಫೋನ್ ಮಾಡಿ ಗ ಜ ಡ ದ ಬ ಕಥೆ ಹೇಳಿದೆ. ಅವನಿಗೆ ಎರಡೇ ನಿಮಿಷದಲ್ಲಿ ಅರ್ಥ ಆಯ್ತು.