ದೊಡ್ಡಸ್ವಾಮಿ ಅಬ್ಬೆ ದುಬ್ವಾ: ನೆಲೆ ಕಳೆದುಕೊಂಡವರ ನಡುವೆ 31 ವರ್ಷ

ಕರಾವಳಿಯ ಯಾವ ಧರ್ಮಕೇಂದ್ರದ ಗುರ್ಕಾರರನ್ನು ಕೇಳಿದರೂ ಮನೆಲೆಕ್ಕದ ಪುಸ್ತಕದಲ್ಲಿ ಒಂದಷ್ಟು ಹೆಸರುಗಳ ಮುಂದೆ ಬೆಂಗಳೂರು ಎಂದು ಬರೆದಿರುವುದನ್ನು ತೋರಿಸುತ್ತಾರೆ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ಇಂದು ನಮ್ಮವರ ಮನೆಗಳು ಬಹಳಷ್ಟಿವೆ. ಹೆಚ್ಚಿನವು ಬಾಡಿಗೆ ಮನೆಗಳು. 11 ತಿಂಗಳ ಕರಾರು ಮುಗಿಯುತ್ತಿದ್ದಂತೆ ಮತ್ತೊಂದು ಮನೆ ಹುಡುಕಬೇಕು, ಮಕ್ಕಳ ಕ್ರಿಸ್ತೋಪದೇಶಕ್ಕೆ ಮತ್ತೊಂದು ಇಗರ್ಜಿ ಕೇಳಬೇಕು, ಕೊಂಕಣಿ ಪೂಜೆ ಎಲ್ಲಿದೆ ಎಂದು ವಿಚಾರಿಸಬೇಕು. ಅಂದ ಹಾಗೆ, ಜಯನಗರವೂ ಬಹಳ ಹಳೆಯ ಊರೇನಲ್ಲ. 1948ರಲ್ಲಿ ಅಸ್ತಿವಾರ ಹಾಕಿಸಿಕೊಂಡ ಬಡಾವಣೆ ಅದು. ಬಿ.ಟಿ.ಎಂ. ಎಂಬ ಮೂರು ಅಕ್ಷರಗಳೊಳಗೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು ಅಡಗಿವೆ. ಅಲ್ಲಿ ನಮ್ಮವರಿಗೆ ನೆರೆಮನೆಯವರಾಗಿರುವವರಲ್ಲಿ ಹೆಚ್ಚಿನವರು ಬೇರೆಲ್ಲಿಂದಲೋ ಬಂದವರೇ.

ಈ ನಮ್ಮ ಜನರಿಗೆ ಊರು ಬಿಡುವುದು ಹೊಸದಲ್ಲ. ಇವರ ಪೂರ್ವಜರು ಒಮ್ಮೆ ಘಟ್ಟ ಹತ್ತಿದ್ದು ಉದ್ಯೋಗಕ್ಕಾಗಿ ಅಲ್ಲ, ಸೈನಿಕರ ಕಾವಲಿನಲ್ಲಿ. ಅವರ ಸೆರೆ ಬಿಡುಗಡೆಯಾದಾಗ ಶ್ರೀರಂಗಪಟ್ಟಣದಲ್ಲಿ ಅವರನ್ನು ಎದುರುಗೊಂಡ ಗುರುವೊಬ್ಬರ ಜೀವನವನ್ನು ಈ ಬಾರಿ ನಮ್ಮ ಓದುಗರ ಮುಂದಿಡುತ್ತಿದ್ದೇವೆ. ಅವರ ಹೆಸರು ಜಾನ್ ಅಂತ್ವಾನ್ ದುಬ್ವಾ. ಇಂಗ್ಲಿಷ್ ಪುಸ್ತಕ ಓದಿದವರು ಡುಬಾಯ್ ಎಂದೂ ಡುಬೋಯ್ಸ್ ಎಂದೂ ಉಚ್ಚರಿಸುವುದುಂಟು. ಮೈಸೂರು ಸೀಮೆಯ ಜನ ಈ ಕಷ್ಟವನ್ನೇ ತೆಗೆದುಕೊಳ್ಳಲಿಲ್ಲ. ದೊಡ್ಡಸ್ವಾಮಿಯವರು ಎಂದು ಕರೆದರು.

ದುಬ್ವಾ ಹುಟ್ಟಿದ್ದು ಫ್ರಾನ್ಸ್ ದೇಶದ ದಕ್ಷಿಣ ಭಾಗದ ಆರ್ದೇಶ್ ಪ್ರಾಂತ್ಯದ ಸೇಂಟ್ ರೆಮೇಜ್ ಎಂಬ ಹಳ್ಳಿಯಲ್ಲಿ, 1765ರ ಸುಮಾರಿಗೆ. ವಿವಿಯೇ ಧರ್ಮಪ್ರಾಂತ್ಯದಲ್ಲಿ ಅವರಿಗೆ ಗುರುದೀಕ್ಷೆಯಾದದ್ದು 1792ರಲ್ಲಿ. ಆ ವರ್ಷ ಫ್ರಾನ್ಸಿನಲ್ಲಿ ಗುರುವಾಗಲು ಒಳ್ಳೆಯ ವರ್ಷವಾಗಿರಲಿಲ್ಲ. ಮಹಾಕ್ರಾಂತಿಯ ಸರಕಾರ ಧರ್ಮಸಭೆಯ ಆಸ್ತಿಯನ್ನು ವಶಪಡಿಸಿಕೊಂಡು, ತನಗೆ ಪ್ರಮಾಣ ಮಾಡಲೊಪ್ಪದ ಗುರುಗಳನ್ನು ದೇಶದಿಂದ ಅಟ್ಟುತ್ತಿತ್ತು. ಸೆಪ್ಟೆಂಬರ್ ತಿಂಗಳಲ್ಲಿ ಪ್ಯಾರಿಸ್ಸಿನ ಸೆರೆಮನೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಗುರುಗಳ ಕೊಲೆಯಾಯಿತು. ಅದೇ ವರ್ಷ ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಯ ಮೂಲಕ ದುಬ್ವಾ ಭಾರತಕ್ಕೆ ಹಡಗು ಹತ್ತಿದರು. ಸೇವೆಯ ಕರೆ ಎಷ್ಟು, ಪ್ರಾಣಭಯ ಎಷ್ಟು ಎಂದು ತೂಗಿ ನೋಡುವ ಕೆಲಸ ನಮಗೆ ಬೇಡ. ಇಂದಿನ ಎಷ್ಟೋ ವಲಸಿಗರಲ್ಲಿಯೂ ಈ ಎರಡು ಒಟ್ಟಿಗೇ ಇರುತ್ತವೆ.

ಮೊದಲ ಕೆಲವು ವರ್ಷ ಅವರು ಪುದುಚೇರಿ ಮಿಷನ್ನಿಗೆ ಸೇರಿ ತಮಿಳು ನಾಡಿನ ಕಡೆ ದುಡಿದರು. ಜೆಸ್ವಿತ್ ಸಭೆಯನ್ನು ಪೋಪರು 1773ರಲ್ಲಿ ವಿಸರ್ಜಿಸಿದ್ದರಿಂದ ದಕ್ಷಿಣದ ಮಿಷನ್‌ಗಳು ಅನಾಥವಾಗಿದ್ದವು. 17ನೇ ಶತಮಾನದ ನಡುಭಾಗದಲ್ಲಿ ಲಿಯೊನಾರ್ಡೊ ಚಿನ್ನಮಿ ಸ್ವಾಮಿಗಳು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ಕನ್ನಡ ಮಿಷನ್ನಿನ ಗತಿಯೂ ಅದೇ. ಗುರುಗಳಿಲ್ಲ, ಇದ್ದವರಿಗೆ ವಯಸ್ಸಾಗಿದೆ, ಯೂರೋಪಿನಿಂದ ಹೊಸಬರು ಬರುವಂತಿಲ್ಲ. ಇಂತಹ ಕಾಲದಲ್ಲಿ ಬಂದ ಯುವ ಗುರು ಮೊದಲು ಮಾಡಿದ ಕೆಲಸ ತನ್ನನ್ನು ತಾನು ಬದಲಾಯಿಸಿಕೊಂಡದ್ದು. ಐರೋಪ್ಯರ ಒಡನಾಟ ಬಿಟ್ಟರು. ಬಿಳಿ ನಿಲುವಂಗಿ ತೊಟ್ಟು ತಲೆಗೆ ರುಮಾಲು ಸುತ್ತಿದರು. ಮಾಂಸಾಹಾರ ತೊರೆದರು. ಊರ ಜನರ ಭಾಷೆಗಳನ್ನು ಕಲಿತು, ಅವರ ಆಚಾರ ವಿಚಾರಗಳನ್ನು ನೋಡುತ್ತ ಬರೆದಿಟ್ಟುಕೊಳ್ಳತೊಡಗಿದರು. ಥಾಮಸ್ ಹಿಕಿ ಎಂಬ ಚಿತ್ರಕಾರ ಬಿಡಿಸಿದ ಅವರ ಭಾವಚಿತ್ರವನ್ನು ನೋಡಿದವರಿಗೆ ಫ್ರೆಂಚ್ ಗುರುವಿನ ಗುರುತು ಸಿಕ್ಕುವುದು ಕಷ್ಟ.

ಇನ್ನು ನಮ್ಮ ಪೂರ್ವಜರ ಕಥೆ. ಎರಡನೇ ಆಂಗ್ಲೋ-ಮೈಸೂರು ಯುದ್ಧದಲ್ಲಿ ಕೆನರಾದ ಕ್ರೈಸ್ತರು ಬ್ರಿಟಿಷರಿಗೆ ನೆರವಾದರೆಂಬ ಅನುಮಾನದಿಂದ 1784ರ ಫೆಬ್ರವರಿಯಲ್ಲಿ, ಬೂದಿ ಬುಧವಾರದ ಹೊತ್ತಿಗೆ, ಟಿಪ್ಪು ಸುಲ್ತಾನ್ ಅವರನ್ನು ಒಟ್ಟಿಗೆ ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನೆಂಬುದು ನಮ್ಮ ಮನೆಮನೆಗಳಲ್ಲಿ ಹೇಳಿಕೊಂಡು ಬಂದ ಇತಿಹಾಸ. ಸೆರೆಯಾದವರು 60,000ಕ್ಕೂ ಹೆಚ್ಚು ಎಂದು ದುಬ್ವಾ ಬರೆದಿದ್ದಾರೆ. ಅಲ್ಲಿಯೇ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ ಎಂಬ ಆಂಗ್ಲ ನಾವಿಕನ ಲೆಕ್ಕ ಅದರ ಅರ್ಧ. ಸಂಖ್ಯೆಯ ಬಗ್ಗೆ ವಿದ್ವಾಂಸರು ಚರ್ಚಿಸಲಿ. ದಾರಿಯಲ್ಲಿ ಸತ್ತವರು, ಸೆರೆಯಲ್ಲಿ ಸತ್ತವರು, ಬಲವಂತದಿಂದ ಮತ ಬದಲಾಯಿಸಿಕೊಂಡವರು, ಸುಲ್ತಾನನ ಸೈನ್ಯಕ್ಕೆ ಸೇರಿಸಲ್ಪಟ್ಟವರು ಇದ್ದರೆಂಬ ವಿಷಯದಲ್ಲಿ ಚರ್ಚೆಯಿಲ್ಲ. ಇತ್ತ ಇಗರ್ಜಿಗಳು ನೆಲಸಮವಾದವು. ಮೂಡುಬಿದಿರೆಯ ಬಳಿಯ ಹೊಸಬೆಟ್ಟುವಿನ ಪವಿತ್ರ ಶಿಲುಬೆಯ ಇಗರ್ಜಿ ಮಾತ್ರ ಚೌಟ ಅರಸರ ಕೃಪೆಯಿಂದ ಉಳಿಯಿತು. ಈ ಜೈನ ಅರಸರ ಉಪಕಾರವನ್ನು ನಾವು ಸೆರೆಯ ಕಥೆ ಹೇಳುವಾಗ ಮರೆಯುವುದೇ ಹೆಚ್ಚು.

1799ರ ಮೇ 4ರಂದು ಶ್ರೀರಂಗಪಟ್ಟಣ ಬ್ರಿಟಿಷರ ವಶವಾಯಿತು. ಸೆರೆಗೆ 15 ವರ್ಷ ತುಂಬಿತ್ತು. ಸೆರೆಯಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಕಡಲೆಂದರೆ ಏನೆಂದು ತಿಳಿಯದು. ಪಟ್ಟಣದ ಆಡಳಿತ ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಶಿಫಾರಸಿನ ಮೇಲೆ ದುಬ್ವಾ ಅವರನ್ನು ಚದುರಿಹೋದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಕರೆಸಲಾಯಿತು.

ಅವರು ಅಲ್ಲಿ ಮಾಡಿದ ಕೆಲಸ ಬಹಳ ಸೂಕ್ಷ್ಮವಾದದ್ದು. ಬಂದವರು ತಾವು ಹೊರಗೆ ಮಾತ್ರ ಮತ ಬಿಟ್ಟದ್ದು, ಒಳಗೆ ವಿಶ್ವಾಸವನ್ನು ಉಳಿಸಿಕೊಂಡಿದ್ದೆವು ಎಂದರು. ಗುರು ಅದನ್ನು ಒಪ್ಪಬೇಕೇ? ದುಬ್ವಾ ಬರೆದಿರುವುದನ್ನು ಓದಿದರೆ ನಮಗೆ ನೋವಾಗುತ್ತದೆ. ಅಷ್ಟು ಸಾವಿರ ಜನರಲ್ಲಿ ಧೈರ್ಯವಾಗಿ ನಿಂತು ವಿಶ್ವಾಸ ಪ್ರಕಟಿಸಿದವನು ಒಬ್ಬನೂ ಇರಲಿಲ್ಲವೆಂದು ಅವರು ಕಟುವಾಗಿಯೇ ದೂರಿದ್ದಾರೆ. ಹೆಂಡತಿ ಮಕ್ಕಳೊಡನೆ ಕತ್ತಿಯ ಕೆಳಗೆ ನಿಂತವರ ವಿಷಯದಲ್ಲಿ ಇದು ಅತಿ ಕಠಿಣ ತೀರ್ಪು ಎಂದೇ ನಮ್ಮ ಅಭಿಪ್ರಾಯ; ಅವರ ಮಾತನ್ನು ಸುಳ್ಳಾಗಿಸುವ ಎಷ್ಟೋ ಕುಟುಂಬಗಳ ನೆನಪುಗಳೂ ನಮ್ಮಲ್ಲಿವೆ. ಆದರೆ ಪುಸ್ತಕದಲ್ಲಿ ಕಠಿಣರಾದ ದುಬ್ವಾ ಪಾಪನಿವೇದನೆಯ ಸ್ಥಳದಲ್ಲಿ ಬಾಗಿಲು ಮುಚ್ಚಲಿಲ್ಲ. ಸುಮಾರು 2,000 ಜನ ತಮ್ಮ ಬಳಿಗೆ ಬಂದರೆಂದೂ 20,000ದಷ್ಟು ಜನ ಮಂಗಳೂರಿನ ಕಡೆಗೆ ಹಿಂದಿರುಗಿ ತಮ್ಮ ಇಗರ್ಜಿಗಳನ್ನು ಮತ್ತೆ ಕಟ್ಟಿಕೊಂಡರೆಂದೂ ಅವರೇ ಬರೆದಿಟ್ಟಿದ್ದಾರೆ. ಬಂದವರನ್ನು ಧರ್ಮಸಭೆಯೊಳಕ್ಕೆ ಮರಳಿ ಸೇರಿಸಿಕೊಂಡರು. ಪಟ್ಟಣದ ಹತ್ತಿರದ ಪಾಲಹಳ್ಳಿ ಅವರ ಸೇವೆಯ ಒಂದು ನೆಲೆಯಾಯಿತು.

ಮರಳಿದವರಿಗೂ ಊರು ಸುಲಭವಾಗಿ ದಕ್ಕಲಿಲ್ಲ. ಬಿಟ್ಟು ಹೋದ ಗದ್ದೆ ತೋಟಗಳನ್ನು 15 ವರ್ಷಗಳಿಂದ ಬೇರೆಯವರು ಉಳುತ್ತಿದ್ದರು. 1799ರ ಕೊನೆಗೆ ಮಂಗಳೂರಿನ ರೊಸಾರಿಯೊ ಇಗರ್ಜಿಯ ವಿಗಾರರಾದ ಜುಜೆ ಮಿಗೆಲ್ ಲುವಿಸ್ ಮೆಂಡಿಸ್ ಸ್ವಾಮಿಗಳೂ ಮುಂದೆ ಕಲೆಕ್ಟರ್ ರೇವನ್‌ಷಾ ಅವರೂ ಈ ಪುನರ್ವಸತಿಗೆ ಶ್ರಮಿಸಿದರು. ಅದೇ ಒಂದು ಬೇರೆ ಲೇಖನಕ್ಕಾಗುವ ವಿಷಯ. ಕೆಲವರು ಕೊಡಗಿನಲ್ಲಿ ಉಳಿದರು, ಕೆಲವರು ಮೈಸೂರು ಸೀಮೆಯಲ್ಲೇ.

ದುಬ್ವಾ ಅವರೂ ಮೈಸೂರು ಸೀಮೆಯಲ್ಲೇ ಉಳಿದುಬಿಟ್ಟರು. ಇಲ್ಲಿಂದ ಮುಂದಿನ ಅವರ ಕೆಲಸವೆಲ್ಲ ಜನರಿಗೆ ಕಾಲೂರಲು ಒಂದು ತುಂಡು ನೆಲ ಕೊಡಿಸುವುದರ ಸುತ್ತ ಇದೆ. ಹಾಸನದ ಬಳಿಯ ಸಾತಳ್ಳಿಯಲ್ಲಿ ಬಡ ಕ್ರೈಸ್ತರಿಗಾಗಿ ಬೇಸಾಯದ ನೆಲೆಗಳನ್ನು ಏರ್ಪಡಿಸಿದರು. ಕ್ರೈಸ್ತನಾದವನಿಗೆ ಪೂಜೆ ಪ್ರಾರ್ಥನೆಗಳಷ್ಟೇ ಸಾಲದು, ಉಳಲು ಭೂಮಿ ಬೇಕು, ಮಗಳಿಗೆ ಗಂಡು ಸಿಗುವ ನೆರೆಹೊರೆ ಬೇಕು ಎಂಬುದನ್ನು ಅವರು ಕಂಡುಕೊಂಡಿದ್ದರು. ಬೆಂಗಳೂರಿಗೂ ಬಂದು ಹೋಗುತ್ತಿದ್ದರು. ಸೆಂಜಿಯ ಕಡೆಯಿಂದ ವಲಸೆ ಬಂದು ಈಗಿನ ಶಿವಾಜಿನಗರದಲ್ಲಿ ನೆಲೆಸಿದ್ದ ತಮಿಳು ಕ್ರೈಸ್ತರಿಗೆ 19ನೇ ಶತಮಾನದ ಆರಂಭದಲ್ಲಿ ಒಂದು ಪುಟ್ಟ ಪ್ರಾರ್ಥನಾ ಮಂದಿರ ಕಟ್ಟಿಸಿದರು. ಕಾಣಿಕೆ ಮಾತೆಯ ಆ ಮಂದಿರದ ಜಾಗದಲ್ಲೇ ಇಂದಿನ ಸಂತ ಮರಿಯಮ್ಮನವರ ಬಸಿಲಿಕ ನಿಂತಿದೆ. ಸೆಪ್ಟೆಂಬರ್ ಹಬ್ಬಕ್ಕೆ ಜಯನಗರ, ಬಿ.ಟಿ.ಎಂ.ನಿಂದ ಬಸ್ಸು ಹಿಡಿದು ಅಲ್ಲಿಗೆ ಹೋಗುವ ನಮ್ಮ ಕರಾವಳಿಯ ಕುಟುಂಬಗಳಿಗೆ ಇದು ತಿಳಿದಿರಲಿ. ಆ ಜಾಗದ ಮೊದಲ ಭಕ್ತರೂ ಪರವೂರಿನವರೇ.

ಆಗಿನ ಕಾಲದಲ್ಲಿ ಜನರನ್ನು ಊರು ಬಿಡಿಸುತ್ತಿದ್ದುದು ಯುದ್ಧ ಮಾತ್ರವಲ್ಲ, ಸಿಡುಬೂ ಹೌದು. ಜೆನ್ನರ್ ಕಂಡುಹಿಡಿದ ಲಸಿಕೆ 1802ರಲ್ಲಿ ಭಾರತಕ್ಕೆ ತಲುಪಿತು. ಮರುವರ್ಷವೇ ದುಬ್ವಾ ಅದನ್ನು ಕೈಗೆತ್ತಿಕೊಂಡರು. ಒಬ್ಬನ ತೋಳಿನ ಗುಳ್ಳೆಯಿಂದ ಇನ್ನೊಬ್ಬನ ತೋಳಿಗೆ ರಸ ಹಾಕುವ ಕ್ರಮವದು. ಹಸುವಿನ ರೋಗ, ಬೇರೆ ಜಾತಿಯವನ ತೋಳು, ಸಿಡುಬು ದೇವಿಯ ಭಯ, ಇವೆಲ್ಲವನ್ನೂ ದಾಟಿ ಜನರನ್ನು ಒಪ್ಪಿಸಬೇಕಿತ್ತು. 1803-04ರಲ್ಲಿ ಮೈಸೂರು ಸೀಮೆಯಲ್ಲಿ 25,432 ಜನರಿಗೆ ಲಸಿಕೆ ಹಾಕಿಸಿದ ಲೆಕ್ಕ ದಾಖಲೆಯಲ್ಲಿದೆ. ಅವರ ಉಡುಪು, ಊಟ, ಭಾಷೆ ಇಲ್ಲಿ ಕೆಲಸಕ್ಕೆ ಬಂದವು.

ಜಗತ್ತು ಅವರನ್ನು ನೆನೆಯುವುದು ಪುಸ್ತಕದಿಂದ. ಹಿಂದೂಗಳ ನಡೆ, ನುಡಿ, ಆಚಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಮೆಚ್ಚಿದರು. ಮದರಾಸಿನ ಗವರ್ನರ್ ವಿಲಿಯಂ ಬೆಂಟಿಂಕ್ ಕಂಪನಿಯ ಪರವಾಗಿ 2,000 ವರಹ ಕೊಟ್ಟು ಕೊಂಡರು. ಇಂಗ್ಲಿಷಿನಲ್ಲಿ ಅದು 1816ರಲ್ಲಿ ಅಚ್ಚಾಯಿತು. ಸತ್ಯವನ್ನೇ ಹೇಳಬೇಕಾದರೆ, ಆ ಪುಸ್ತಕದ ಬಹುಪಾಲು ಅವರ ಸ್ವಂತದ್ದಲ್ಲ, ಹಿಂದಿನ ಜೆಸ್ವಿತ್ ಗುರು ಕೂರ್ದೂ ಅವರ ಬರಹದಿಂದ ಬಂದದ್ದು ಎಂದು ಸಿಲ್ವಿಯಾ ಮ್ಯುರ್ ಎಂಬ ಫ್ರೆಂಚ್ ವಿದ್ವಾಂಸೆ 1987ರಲ್ಲಿ ತೋರಿಸಿದ್ದಾರೆ. ನಮ್ಮ ನೆಲದ ಧರ್ಮಗಳ ಬಗ್ಗೆ ಅದರಲ್ಲಿರುವ ಎಷ್ಟೋ ಮಾತುಗಳನ್ನು ಇಂದು ಯಾವ ಗುರುವೂ ಬರೆಯಲಾರರು, ಬರೆಯಬಾರದು.

ನಮಗೆ ಮುಖ್ಯವೆನಿಸುವುದು ಅವರ ಇನ್ನೊಂದು ಚಿಕ್ಕ ಪುಸ್ತಕ, ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಪತ್ರಗಳು. 1823ರಲ್ಲಿ ಅದು ಪ್ರಕಟವಾದಾಗ ಇಂಗ್ಲೆಂಡಿನ ಮಿಷನರಿಗಳು ಸಿಟ್ಟಿನಿಂದ ಉತ್ತರ ಬರೆದರು. ಹಿಂದೂಗಳ ಮತಾಂತರ ಆಗುವ ಕೆಲಸವಲ್ಲ ಎಂದು ದುಬ್ವಾ ಅದರಲ್ಲಿ ಸಾರಿದ್ದರು; ಐರೋಪ್ಯರ ನಡತೆ ಕಂಡ ಮೇಲೆ ಜನರಿಗೆ ಆ ಧರ್ಮ ಬೇಡವಾಗುವುದು ಸಹಜವೆಂದೂ ಸೂಚಿಸಿದ್ದರು. 25 ವರ್ಷಗಳಲ್ಲಿ ತಾನು ಸೇರಿಸಿಕೊಂಡವರು 200ರಿಂದ 300 ಜನರಷ್ಟೇ. ಅವರಲ್ಲಿ ಮೂರರಲ್ಲಿ ಎರಡು ಪಾಲು ಹೊಲೆಯರು ಮತ್ತು ಭಿಕ್ಷುಕರು. ಉಳಿದವರು ಅಲೆಮಾರಿಗಳು, ಜಾತಿಯಿಂದ ಹೊರಹಾಕಲ್ಪಟ್ಟವರು. ಬೇರೆ ಗತಿಯಿಲ್ಲದೆ, ಮದುವೆ ಸಂಬಂಧ ಸಿಗಲೆಂದು ಬಂದವರೇ ಹೆಚ್ಚು ಎಂಬುದು ಅವರ ಲೆಕ್ಕ.

ಅವರು ಇದನ್ನು ತಮ್ಮ ಸೋಲೆಂದು ಬರೆದರು. ನಾವು ಅದನ್ನು ಬೇರೆ ರೀತಿಯಲ್ಲಿ ಓದುತ್ತೇವೆ. ಜಾತಿಯಿಂದ ಹೊರಬಿದ್ದವನಿಗೆ ಆ ಕಾಲದಲ್ಲಿ ಬಾವಿಯಿಲ್ಲ, ಬೆಂಕಿಯಿಲ್ಲ, ಸತ್ತರೆ ಹೊರುವವರಿಲ್ಲ. ಅಂಥವನು ಮಕ್ಕಳಿಗೆ ಮದುವೆಯಾಗಲಿ, ತನಗೊಂದು ಹಂದರ ಸಿಗಲಿ ಎಂದು ಇಗರ್ಜಿಯ ಬಾಗಿಲಿಗೆ ಬಂದದ್ದನ್ನು ಸ್ವಾರ್ಥವೆನ್ನುವುದು ಹೇಗೆ? ಧರ್ಮಕೇಂದ್ರದ ಕೆಲಸ ಮಾಡಿದವರಿಗೆ ಗೊತ್ತು, ಹೊಸ ಊರಿನಲ್ಲಿ ಜನ ಮೊದಲು ನಮ್ಮ ಕಚೇರಿಗೆ ಬರುವುದು ಪ್ರವಚನ ಕೇಳಲು ಅಲ್ಲ. ಬಾಡಿಗೆ ಮನೆಗೆ ಶಿಫಾರಸು, ಶಾಲೆಗೆ ಪತ್ರ, ಸಮಾಧಿಗೆ ಜಾಗ ಕೇಳಿಕೊಂಡು. ದುಬ್ವಾ ಅವರ ಆ 300 ಜನರೂ ಹಾಗೆ ಬಂದವರೇ.

1823ರ ಜನವರಿಯಲ್ಲಿ ಅವರು ಭಾರತ ಬಿಟ್ಟರು. ಬಂದು 31 ವರ್ಷಗಳಾಗಿದ್ದವು. ಕಂಪನಿ ಸರಕಾರ ಅವರಿಗೆ ನಿವೃತ್ತಿ ವೇತನ ಕೊಟ್ಟಿತು. ಪ್ಯಾರಿಸ್ಸಿನ ರ‍್ಯೂ ದ್ಯು ಬಾಕ್ ಬೀದಿಯಲ್ಲಿರುವ ತಮ್ಮ ಸಂಸ್ಥೆಯ ಸೆಮಿನರಿಯಲ್ಲಿ ಮುಂದಿನ 25 ವರ್ಷ ಕಳೆದರು. ಪವಾಡದ ಪದಕದ ಭಕ್ತಿಗೆ ಕಾರಣವಾದ 1830ರ ದರ್ಶನ ನಡೆದ ಕನ್ಯಾಮಠವೂ ಅದೇ ಬೀದಿಯಲ್ಲಿದೆ. ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ತಂದು 1826ರಲ್ಲಿ ಪ್ರಕಟಿಸಿದರು. 1836ರಿಂದ 1839ರವರೆಗೆ ಸೆಮಿನರಿಯ ಮುಖ್ಯಸ್ಥರಾಗಿದ್ದು, 1848ರ ಫೆಬ್ರವರಿ 17ರಂದು ಅಲ್ಲಿಯೇ ತೀರಿಕೊಂಡರು. ವಾರ ಕಳೆಯುವುದರೊಳಗೆ ಅದೇ ಪ್ಯಾರಿಸ್ಸಿನಲ್ಲಿ ಮತ್ತೊಂದು ಕ್ರಾಂತಿ ಆರಂಭವಾಯಿತು.

ಹಾಸನದ ಕಡೆ ಹೋದವರು ಶೆಟ್ಟಿಹಳ್ಳಿಯ ಮುಳುಗಿದ ಇಗರ್ಜಿಯನ್ನು ನೋಡಿರಬಹುದು. ಅದನ್ನೂ ದುಬ್ವಾ ಅವರೇ ಕಟ್ಟಿಸಿದರೆಂದು ಹೇಳುವವರುಂಟು. ಆದರೆ ಆ ಕಟ್ಟಡ 1860ರ ದಶಕದ್ದು, ಅವರ ನಂತರದ ಫ್ರೆಂಚ್ ಗುರುಗಳ ಕೆಲಸ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಹಿನ್ನೀರು ಅದನ್ನು ಸುತ್ತುವರಿಯಿತು. ಊರಿನ ಕ್ರೈಸ್ತ ಕುಟುಂಬಗಳು ಸಾಮಾನು ಕಟ್ಟಿಕೊಂಡು ಬೇರೆ ಜಾಗಗಳಿಗೆ ಹೋದವು. ಬೇಸಿಗೆಯಲ್ಲಿ ನೀರಿಳಿದಾಗ ಬೆಂಗಳೂರಿನಿಂದ ಜನ ಕಾರಿನಲ್ಲಿ ಬಂದು ಫೋಟೊ ತೆಗೆದುಕೊಂಡು ಹೋಗುತ್ತಾರೆ.